ವೈನಿ ಹಿಡಿದ ಪಾನಾ

ಕಳೆದ ವಾರ ನಮ್ಮ ಅಡುಗೆಮನೆಯ ನಲ್ಲಿ ಸೋರತೊಡಗಿತು. ಭಾಂಡುಪ್‌ನ ಈ ಹಳೇ ಬಿಲ್ಡಿಂಗಿನಲ್ಲಿ ಏನಾದರೊಂದು ಸೋರದ ವಾರವೇ ಇಲ್ಲ. ಆದರೆ ಈ ಸಲ ಕೆಳಗಿನ ಮನೆಯವರು ಮೇಲೆ ಬಂದು, ತಮ್ಮ ಛತ್ತಿನ ಬಣ್ಣ ಹಪ್ಪಳದ ಹಾಗೆ ಎದ್ದು ಬೀಳುತ್ತಿದೆಯೆಂದು ಮುಖ ಸಣ್ಣದು ಮಾಡಿಕೊಂಡು ಹೇಳಿದ್ದರಿಂದ ಪ್ಲಂಬರನನ್ನು ಕರೆಸಲೇಬೇಕಾಯಿತು. ಬಂದವನು ಸಿಂಕಿನ ಕೆಳಗೆ ತಲೆ ತೂರಿಸಿ ಮಲಗಿದ. ನಾನು ಸ್ಟೂಲಿನ ಮೇಲೆ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಕರ್ರೆಂದು ಒಂದು ಸದ್ದು ಬಂತು, ಅದರ ಹಿಂದೆಯೇ ಅವನು ತನ್ನ ಬೆರಳು ಬಾಯಿಗಿಟ್ಟುಕೊಂಡ ಸದ್ದು. ನಟ್ಟಿನ ಮೂಲೆಯಿಂದ ಪಾನಾ ಜಾರಿದ್ದು ನನಗೆ ನೋಡದೆಯೇ ತಿಳಿಯಿತು.

ಪಾನಾ ಅಂದರೆ ನೀವು ಸ್ಪ್ಯಾನರ್ ಅನ್ನುತ್ತೀರಲ್ಲ, ಅದೇ. ಮುಂಬಯಿಯಲ್ಲಿ ಅದಕ್ಕೆ ಪಾನಾ ಅನ್ನುವುದೇ ರೂಢಿ. ಅವನ ಕೈಯಲ್ಲಿದ್ದದ್ದು ಸ್ಕ್ರೂ ಪಾನಾ. ತಿರುಪು ತಿರುಗಿಸಿದರೆ ಬಾಯಿ ಹಿಗ್ಗುತ್ತದೆ, ಕುಗ್ಗುತ್ತದೆ. ಎಲ್ಲ ನಟ್ಟಿಗೂ ಬರುತ್ತದೆ, ಯಾವ ನಟ್ಟಿಗೂ ಸರಿಯಾಗಿ ಕೂಡುವುದಿಲ್ಲ. ನಾನು ಸೊಪ್ಪಿನಿಂದ ತಲೆ ಎತ್ತದೆ, ಭಾಯಿ, ಪಾನಾ ಉಲ್ಟಾ ಹಿಡಿದಿದ್ದೀರಿ, ಅಲ್ಲಾಡುವ ದವಡೆ ನೀವು ತಿರುಗಿಸುವ ದಿಕ್ಕಿಗೆ ಬರಬೇಕು ಎಂದು ಹಿಂದಿಯಲ್ಲಿ ಅಂದೆ. ಅವನು ಹೊರಗೆ ಬಂದು ನನ್ನ ಬಿಳಿ ಕೂದಲನ್ನೂ ಮೊಣಕಾಲಿನ ಪಟ್ಟಿಯನ್ನೂ ನೋಡಿ, ಮೌಶಿ ಯಾವ ಫ್ಯಾಕ್ಟರಿಯಲ್ಲಿದ್ದಿರಿ ಎಂದು ಕೇಳಿದ. ಕನ್ನಡ ಶಾಲೆಯಲ್ಲಿ ಟೀಚರಾಗಿದ್ದೆ ಅಂದೆ. ಅದಕ್ಕೂ ಇದಕ್ಕೂ ಏನು ಸಂಬಂಧವೆಂದು ಅವನಿಗೆ ಹೊಳೆಯಲಿಲ್ಲ. ಪಾಪ, ಹೊಳೆಯುವುದಾದರೂ ಹೇಗೆ?

ನನ್ನ ಕೈಯ ಬಗ್ಗೆ ಈಗಲೇ ಹೇಳಿಬಿಡುತ್ತೇನೆ. ಈ ಜನ್ಮದಲ್ಲಿ ನಾನು ಒಂದು ನಟ್ಟನ್ನೂ ನೆಟ್ಟಗೆ ಬಿಗಿದವಳಲ್ಲ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲೂ ಪಕ್ಕದ ಮನೆಯವರನ್ನು ಕರೆಯುತ್ತೇನೆ. ಆದರೆ ಒಂದೇ ಖೋಲಿಯ ಮನೆಯಲ್ಲಿ ಒಬ್ಬರು ಕಲಿಸುತ್ತ, ಇನ್ನೊಬ್ಬರು ಕಲಿಯುತ್ತ ಇದ್ದರೆ, ಮೂಲೆಯಲ್ಲಿ ಕೂತು ಮಕ್ಕಳ ಕಾಪಿ ತಿದ್ದುವವಳ ಕಿವಿಗೂ ಒಂದಿಷ್ಟು ಬೀಳುತ್ತದೆ. ನನಗೆ ಬಂದಿರುವ ಪಾನಾ ವಿದ್ಯೆಯೆಲ್ಲ ಹಾಗೆ ಕಿವಿಗೆ ಬಿದ್ದದ್ದು. ಕಲಿಸಿದವನು ನನ್ನ ಅಣ್ಣ ಶಂಕರ. ಕಲಿತವರು ಅವನ ಹೆಂಡತಿ, ನನ್ನ ಗೌರಾ ವೈನಿ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಬಿಜಾಪುರದ ಕಡೆಯಿಂದ ಚೆಂಬೂರಿಗೆ ಬಂದೆ. ವಡಾಲದ ಒಂದು ಕನ್ನಡ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಅಣ್ಣ ಅಷ್ಟರಲ್ಲಾಗಲೇ ಚೆಂಬೂರಿನ ಆಚೆ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಫಿಟ್ಟರಾಗಿ ಕೆಲವು ವರ್ಷವಾಗಿತ್ತು. ಅವರದು ಚಾಳಿನಲ್ಲಿ ನೆಲಮಟ್ಟದ ಒಂದು ಖೋಲಿ, ಮುಂದೆ ಒಂದು ಕಟ್ಟೆ, ಕಟ್ಟೆಯ ಮುಂದೆ ಎಲ್ಲರಿಗೂ ಸೇರಿದ ನಲ್ಲಿ. ನನಗಾಗಿ ಅಣ್ಣ ಒಂದು ಕಬ್ಬಿಣದ ಮಂಚ ತಂದು ಕಿಟಕಿಯ ಪಕ್ಕ ಜೋಡಿಸಿದ್ದ. ಅವರಿಬ್ಬರೂ ಚಾಪೆಯ ಮೇಲೆ ಮಲಗುತ್ತಿದ್ದರು. ಮಂಚದ ಮೇಲೆ ಮಲಗುವ ನಾದಿನಿಗೆ ನೆಲದ ಮೇಲೆ ಮಲಗುವ ವೈನಿ ಒಂದು ದಿನವೂ ಕಟಕಿಯಾಡಲಿಲ್ಲ ಅನ್ನುವುದು ಸಣ್ಣ ಮಾತಲ್ಲ.

ನಮ್ಮ ಅಪ್ಪನದು ಊರಲ್ಲಿ ಎಣ್ಣೆ ಎಂಜಿನ್ನಿನ ಹಿಟ್ಟಿನ ಗಿರಣಿ. ಆ ಎಂಜಿನ್ನು ವಾರಕ್ಕೊಮ್ಮೆ ಮುನಿಸಿಕೊಳ್ಳುತ್ತಿತ್ತು. ಅದರ ಮುನಿಸು ತೀರಿಸುತ್ತಲೇ ಅಣ್ಣ ಪಾನಾ ಹಿಡಿಯಲು ಕಲಿತ. ಮುಂಬಯಿಗೆ ಬಂದ ಮೇಲೂ ಕಂಪನಿಯ ಹತಾರಗಳನ್ನು ಅವನು ಪೂರ್ತಿ ನಂಬುತ್ತಿರಲಿಲ್ಲ. ತನ್ನದೇ ಒಂದು ಕಟ್ಟು ಇಟ್ಟುಕೊಂಡಿದ್ದ. ವೈನಿ ದಪ್ಪ ಕ್ಯಾನ್ವಾಸ್ ಬಟ್ಟೆಯಲ್ಲಿ ಅದಕ್ಕೊಂದು ಚೀಲ ಹೊಲಿದುಕೊಟ್ಟಿದ್ದರು. ಒಂದೊಂದು ಪಾನಾಕ್ಕೆ ಒಂದೊಂದು ಗೂಡು. ಸುರುಳಿ ಸುತ್ತಿ ಲಾಡಿ ಕಟ್ಟಿದರೆ ಬಗಲಲ್ಲಿ ಹಿಡಿದು ಹೋಗಬಹುದು. ಸಂಜೆ ಬಂದವನು ಚಹಾ ಕುಡಿಯುವ ಮೊದಲು ಆ ಚೀಲ ಬಿಚ್ಚಿ ಒಂದೊಂದನ್ನೂ ಒರೆಸಿ ಇಡುತ್ತಿದ್ದ. ಎಣ್ಣೆ ಹತ್ತಿದ ಪಾನಾ ಕೈಯಿಂದ ಜಾರುತ್ತದೆ, ಜಾರಿದ ಪಾನಾ ಮೊದಲು ಹುಡುಕುವುದು ಹಿಡಿದವನ ಬೆರಳನ್ನು ಅನ್ನುತ್ತಿದ್ದ.

ಭಾನುವಾರ ಅವನಿಗೆ ಹಳೆಯ ಹತಾರದ ಬಜಾರಿಗೆ ಹೋಗುವ ಚಟ. ನಮ್ಮಿಬ್ಬರನ್ನೂ ಮುಂಬಯಿ ತೋರಿಸುತ್ತೇನೆಂದು ಕರೆದುಕೊಂಡು ಹೋಗಿ ಪಾನಾಗಳ ರಾಶಿಯ ಮುಂದೆ ನಿಲ್ಲಿಸುತ್ತಿದ್ದ. ಸಮುದ್ರ ನೋಡುವ ಆಸೆಯಿಂದ ಇಸ್ತ್ರಿಯ ಸೀರೆ ಉಟ್ಟು ಹೋದ ನಾನು ಅಲ್ಲಿ ತುಕ್ಕಿನ ವಾಸನೆ ಕುಡಿಯುತ್ತ ನಿಲ್ಲಬೇಕಿತ್ತು. ಅವನು ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಎತ್ತಿ ಬಾಯಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಜೇಬಿನಿಂದ ಒಂದು ಹೊಸ ನಟ್ಟು ತೆಗೆದು ಅದರ ಬಾಯಿಗಿಟ್ಟು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಲಟಲಟ ಅಂದರೆ ಬಾಯಿ ಅಗಲವಾಗಿದೆ, ಬೇಡ. ಆಗ ವಿಲಾಯತಿ ಯಂತ್ರಗಳದು ಇಂಚಿನ ಅಳತೆ, ಹೊಸದಾಗಿ ಬರುತ್ತಿದ್ದವುಗಳದು ಮಿಲಿಮೀಟರು. ಎರಡರ ಪಾನಾಗಳೂ ನೋಡಲು ಒಂದೇ, ಆದರೆ ಕೂದಲೆಳೆಯ ಫರಕು ಇರುತ್ತದೆ. ಅದರದನ್ನು ಇದಕ್ಕೆ ಹಾಕಿದರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ. ಇದನ್ನೆಲ್ಲ ಅವನು ಹೇಳುವಾಗ ನಾನು ಆಕಳಿಸುತ್ತಿದ್ದೆ. ವೈನಿ ಮಾತ್ರ ಅವನ ಪಕ್ಕದಲ್ಲೇ ಕುಕ್ಕರಿಸಿ, ಹಂಗಾರ ಇದು ಯಾಕ ಬ್ಯಾಡ, ಅದು ಯಾಕ ಬೇಕು ಎಂದು ಕೇಳುತ್ತಿದ್ದರು. ಗಂಡನ ಮಾತಿಗೆ ಹೂಂ ಅನ್ನುವ ಹೆಣ್ಣುಮಕ್ಕಳ ಜಾಣತನ ಇದು ಅಂತ ನಾನು ತಿಳಿದುಕೊಂಡಿದ್ದೆ.

ಎಪ್ಪತ್ತರ ದಶಕದ ಮೊದಮೊದಲಿಗೆ ಒಂದು ಮಧ್ಯಾಹ್ನ, ಶಾಲೆಗೆ ಅಣ್ಣನ ಜೊತೆ ಕೆಲಸ ಮಾಡುವವನೊಬ್ಬ ಬಂದು ನಿಂತ. ಎರಡು ಪೈಪು ಕೂಡುವ ಜಾಗದಲ್ಲಿ ಒಂದು ನಟ್ಟು ತುಕ್ಕು ಹಿಡಿದು ಕಚ್ಚಿ ಕೂತಿತ್ತಂತೆ. ಕೆಲಸದ ಅವಸರ. ಪಾನಾದ ಹಿಡಿಕೆಗೆ ಉದ್ದನೆಯ ಕೊಳವೆ ತೂರಿಸಿ ಇಬ್ಬರು ಸೇರಿ ಜಗ್ಗಿದರೆ ಬಲ ಹೆಚ್ಚಾಗುತ್ತದೆಂದು ಜೊತೆಯವರು ಹೇಳಿದರು. ಅಣ್ಣ ಎಂದೂ ಒಪ್ಪದ ಕೆಲಸ ಅದು, ಆವತ್ತು ಒಪ್ಪಿದ. ಪಾನಾದ ಬಾಯಿ ಅಗಲವಾಗಿ ನಟ್ಟಿನಿಂದ ಜಾರಿತು. ಹಿಡಿಕೆಗೂ ಹಿಂದಿನ ಕಬ್ಬಿಣದ ಕಂಬಕ್ಕೂ ನಡುವೆ ಅವನ ಬಲಗೈ ಸಿಕ್ಕಿತು.

ಆಸ್ಪತ್ರೆಯಲ್ಲಿ ಕೈ ಉಳಿಸಿದರು. ಆದರೆ ಬೆರಳುಗಳ ನರ ಹೋಗಿತ್ತು. ತಿಂಗಳುಗಟ್ಟಲೆ ಪಟ್ಟಿ, ಆಮೇಲೆ ಬಿಸಿನೀರಿನ ಶಾಖ, ಯಾರೋ ಹೇಳಿದ ಎಣ್ಣೆ, ಇನ್ಯಾರೋ ಹೇಳಿದ ಸೊಪ್ಪು. ಕೊನೆಗೆ ಬಟ್ಟಲನ್ನು ಅಂಗೈಗೆ ಆನಿಸಿಕೊಂಡು ಎತ್ತುವಷ್ಟಾಯಿತು, ಮುಷ್ಟಿ ಕಟ್ಟಲು ಬರಲಿಲ್ಲ. ಮುಷ್ಟಿ ಕಟ್ಟದ ಕೈಯಲ್ಲಿ ಪಾನಾ ನಿಲ್ಲುವುದಿಲ್ಲ. ಕಂಪನಿಯವರು ಗೇಟಿನ ಹತ್ತಿರ ಕೂರುವ ಕೆಲಸ ಕೊಡುತ್ತೇವೆ, ಬಾ ಅಂದರು. ಅಣ್ಣ ಒಂದು ದಿನ ಹೋಗಿ ಬಂದ. ಜೊತೆಯ ಫಿಟ್ಟರುಗಳು ಚೀಲ ಹಿಡಿದು ಒಳಗೆ ಹೋಗುವುದನ್ನು ನೋಡುತ್ತ ಕೂತಿರಲು ತನ್ನಿಂದಾಗುವುದಿಲ್ಲ ಎಂದು ಹೇಳಿ ಮರುದಿನ ಹೋಗಲಿಲ್ಲ.

ಆಮೇಲಿನ ತಿಂಗಳುಗಳು ನಮ್ಮ ಮನೆಯಲ್ಲಿ ಮಾತೇ ಇಲ್ಲದ ತಿಂಗಳುಗಳು. ನನ್ನ ಪಗಾರದಲ್ಲಿ ಮೂವರ ಊಟಕ್ಕೆ ಕೊರತೆಯಿರಲಿಲ್ಲ. ಆ ಊಟ ಅವನಿಗೆ ರುಚಿಸುತ್ತಿರಲಿಲ್ಲ. ಬಲಗೈಯನ್ನು ಪೈಜಾಮದ ಜೇಬಿನಲ್ಲಿ ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದ. ಕ್ಯಾನ್ವಾಸ್ ಚೀಲ ಅಟ್ಟಕ್ಕೆ ಹೋಯಿತು. ವೈನಿ ಮಾತ್ರ ಆಗೀಗ ಅದನ್ನಿಳಿಸಿ, ಅವನಿಲ್ಲದ ಹೊತ್ತಿನಲ್ಲಿ, ಒರೆಸಿ ಮತ್ತೆ ಮೇಲಿಡುತ್ತಿದ್ದರು.

ಒಂದು ಬೆಳಿಗ್ಗೆ ಇಡ್ಲಿ ಮಾರುವವನ ಸೈಕಲ್ಲು ನಮ್ಮ ಕಟ್ಟೆಯ ಮುಂದೆಯೇ ನಿಂತುಬಿಟ್ಟಿತು. ದಿನಾ ಹಿಂದಿನ ಕ್ಯಾರಿಯರಿನ ಮೇಲೆ ದೊಡ್ಡ ಪಾತ್ರೆ ಕಟ್ಟಿಕೊಂಡು, ಭೋಂಪು ಊದುತ್ತ ಬರುವ ಮನುಷ್ಯ ಅವನು. ಹಿಂದಿನ ಗಾಲಿ ಭಾರಕ್ಕೆ ಸರಿದು ಓರೆಯಾಗಿ ಚೌಕಟ್ಟಿಗೆ ಉಜ್ಜುತ್ತಿತ್ತು. ಅವನು ಪಾತ್ರೆ ಇಳಿಸಿ, ಇಕ್ಕಳದಿಂದ ನಟ್ಟು ಕಚ್ಚಿ ತಿರುಗಿಸಲು ಹೊರಟ. ಇಕ್ಕಳ ಜಾರಿತು, ಮತ್ತೆ ಜಾರಿತು. ಅಣ್ಣ ಸ್ವಲ್ಪ ಹೊತ್ತು ಮುಖ ಆಚೆ ತಿರುಗಿಸಿ ಕೂತ. ಆಮೇಲೆ ತಡೆಯಲಾಗದೆ ಎದ್ದು ಒಳಗೆ ಬಂದು, ಚೀಲ ತಗಿ ಅಂದ. ಎಷ್ಟೋ ದಿನದ ಮೇಲೆ ಅವನು ತಾನಾಗಿ ಆಡಿದ ಮಾತು ಅದು.

ಎಡಗೈಯಲ್ಲಿ ಪಾನಾ ಹಿಡಿದು ನಟ್ಟಿಗೆ ಕೂಡಿಸಿದ. ಗಾಲಿಯನ್ನು ಹಿಡಿಯಲು ಬಲಗೈ ಬೇಕಿತ್ತು, ಅದು ಹಿಡಿಯಲಿಲ್ಲ. ಗಾಲಿ ಹೊರಳಿತು, ಪಾನಾ ಕಲ್ಲಿನ ಮೇಲೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲು ಬಗ್ಗಿದವನು ಹಾಗೇ ಕೂತುಬಿಟ್ಟ. ಇಡ್ಲಿಯವನು ತನ್ನ ಪಾತ್ರೆಯ ಕಡೆ ನೋಡುತ್ತ ನಿಂತ, ನಾನು ನನ್ನ ಚಪ್ಪಲಿಯ ಕಡೆ.

ನಲ್ಲಿಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದ ವೈನಿ ಎದ್ದು ಬಂದರು. ಸೆರಗಿಗೆ ಕೈ ಒರೆಸಿಕೊಂಡು ಪಾನಾ ಎತ್ತಿಕೊಂಡರು.

"ಯಾವುದು ಹಚ್ಚಲಿ, ಹೇಳ್ರಿ" ಅಂದರು.

ಸುತ್ತ ನಲ್ಲಿಗೆ ಬಂದ ಹೆಂಗಸರಿದ್ದರು, ಹಲ್ಲುಜ್ಜುತ್ತ ನಿಂತ ಗಂಡಸರಿದ್ದರು. ಅಣ್ಣ ನೆಲ ನೋಡಿಕೊಂಡೇ ಹೇಳಿದ:

"ಅದನ್ನ ಇಡು. ರಿಂಗ್ ಪಾನಾ ತಗೊ. ಮೂಲಿ ಸವದಾವ, ಬಾಯಿ ಪಾನಾ ನಿಲ್ಲೂದಿಲ್ಲ. ನಿನ್ನ ಕಡೆ ಜಗ್ಗು, ದೂಕಬ್ಯಾಡ."

ಬಾಯಿ ಪಾನಾ ನಟ್ಟನ್ನು ಎರಡು ಕಡೆಯಿಂದ ಮಾತ್ರ ಹಿಡಿಯುತ್ತದೆ. ರಿಂಗ್ ಪಾನಾ ಉಂಗುರದ ಹಾಗೆ ಸುತ್ತ ತಬ್ಬಿಕೊಳ್ಳುತ್ತದೆ, ಆದ್ದರಿಂದ ಸವೆದ ನಟ್ಟಿಗೂ ಅದು ನಡೆಯುತ್ತದೆ. ವೈನಿ ಅದನ್ನು ಕೂಡಿಸಿ ಜಗ್ಗಿದರು. ನಟ್ಟು ಕಿರುಗುಟ್ಟಿ ಬಿಟ್ಟುಕೊಂಡಿತು. ಅಣ್ಣ ಕೂತಲ್ಲಿಂದಲೇ ಹೇಳುತ್ತ ಹೋದ: ಎರಡೂ ಕಡೆ ಸಡಿಲು ಮಾಡು, ಗಾಲಿ ನಡುವಿಗೆ ತಾ, ಸರಪಳಿ ಬಿಗಿಯಾಗುವ ಹಾಗೆ ಹಿಂದೆ ಜಗ್ಗಿ ಹಿಡಿ, ಈಗ ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ. ಇಡ್ಲಿಯವನು ಗಾಲಿ ತಿರುಗಿಸಿ ನೋಡಿದ, ಪಾತ್ರೆ ಕಟ್ಟಿದ, ನಾಲ್ಕು ಇಡ್ಲಿ ಎಲೆಗೆ ಹಾಕಿ ಕಟ್ಟೆಯ ಮೇಲಿಟ್ಟು ಭೋಂಪು ಊದಿಕೊಂಡು ಹೋದ.

ಆದದ್ದು ಅಷ್ಟೇ. ಆದರೆ ಚಾಳಿನ ಗಂಡಸರಿಗೆ ಒಂದು ವಾರಕ್ಕೆ ಸಾಕಾಗುವಷ್ಟು ನಗೆ ಸಿಕ್ಕಿತು. ಶಂಕರನ ಮನೆಯಲ್ಲಿ ಈಗ ಲಟ್ಟಣಿಗೆ ಯಾರು ಹಿಡಿಯುತ್ತಾರೆ ಎಂದು ಯಾರೋ ಕೇಳಿದರಂತೆ. ಅಣ್ಣ ಒಳಗೆ ಬಂದು, ಇನ್ನು ಮೇಲೆ ನಾಲ್ಕು ಮಂದಿಯ ಮುಂದೆ ಇಂಥದ್ದು ಮಾಡಬ್ಯಾಡ ಎಂದು ವೈನಿಗೆ ಹೇಳಿದ. ಸಿಟ್ಟಿನಿಂದ ಹೇಳಲಿಲ್ಲ, ಬೇಡಿಕೊಳ್ಳುವವನ ಹಾಗೆ ಹೇಳಿದ. ಅದನ್ನು ಕೇಳುವುದು ಇನ್ನೂ ಕಷ್ಟವಾಗಿತ್ತು. ವೈನಿ ಆಗಲಿ ಅಂದರು. ನಾಲ್ಕು ಮಂದಿಯ ಮುಂದೆ ಬೇಡ, ಬಾಗಿಲು ಮುಂದೆ ಮಾಡಿಕೊಂಡು ಮನೆಯಲ್ಲಿ ಕಲಿಸಿರಿ ಅಂದರು.

ಪಾಠ ಶುರುವಾದದ್ದು ಹಾಗೆ. ಪಾಠಕ್ಕೆ ಯಂತ್ರ ಬೇಕಲ್ಲ, ಮನೆಯಲ್ಲಿ ನಟ್ಟು ಬೋಲ್ಟು ಇದ್ದ ವಸ್ತು ನನ್ನ ಮಂಚವೊಂದೇ. ನಾನು ಶಾಲೆಯಿಂದ ಬರುವ ಹೊತ್ತಿಗೆ ಅದರ ಕಾಲುಗಳು ಒಂದು ಕಡೆ, ಪಟ್ಟಿಗಳು ಒಂದು ಕಡೆ, ಹಾಸಿಗೆ ಅಟ್ಟದ ಮೇಲೆ. ಮಲಗುವ ಹೊತ್ತಿಗೆ ಜೋಡಿಸಿಕೊಡುತ್ತಿದ್ದರು. ಕಲಿಯುವವರ ಕೈಗುಣದಿಂದ ಒಮ್ಮೆ ತಲೆಯ ಕಡೆಯ ಕಾಲು ಕಳಚಿ, ನಾನು ಕಾಪಿಗಳ ಸಮೇತ ಜಾರಿ ಗೋಡೆಯ ಮೂಲೆಗೆ ಹೋಗಿ ಕೂತೆ. ಬಿಗಿಯುವ ಮೊದಲು ಬೆರಳಿನಿಂದಲೇ ನಾಲ್ಕು ಸುತ್ತು ತಿರುಗಿಸಿ ತಿರುಪಿನ ಎಳೆ ಕೂತಿದೆಯೋ ಇಲ್ಲವೋ ನೋಡಬೇಕು, ಓರೆ ಕೂತ ಎಳೆಯನ್ನು ಪಾನಾದಿಂದ ಬಿಗಿದರೆ ಹೀಗಾಗುತ್ತದೆ ಎಂದು ಅಣ್ಣ ನನ್ನನ್ನೇ ಉದಾಹರಣೆಯಾಗಿ ತೋರಿಸಿ ಪಾಠ ಮುಂದುವರಿಸಿದ. ನನಗೆ ಪೆಟ್ಟಾಯಿತೇ ಎಂದು ಆಮೇಲೆ ಕೇಳಿದ.

ಇನ್ನೊಮ್ಮೆ ವೈನಿ ಬಿಗಿಯುತ್ತ ಬಿಗಿಯುತ್ತ ಬೋಲ್ಟಿನ ಕುತ್ತಿಗೆಯನ್ನೇ ಮುರಿದರು. ತಲೆ ಟಣ್ ಎಂದು ನೆಲಕ್ಕೆ ಬಿತ್ತು. ವೈನಿ ಹೆದರಿ ಅಣ್ಣನ ಮುಖ ನೋಡಿದರು. ಅವನು ಆ ತುಂಡನ್ನು ಎಡಗೈಯಲ್ಲಿ ಎತ್ತಿ ತಿರುಗಿಸಿ ನೋಡಿ, ಇದು ದಿನಾ ರೊಟ್ಟಿ ಬಡಿಯೂ ಕೈ, ಇದಕ್ಕ ಉದ್ದನ್ನ ಪಾನಾ ಕೊಡಬಾರದು ಎಂದು ಹೇಳಿ ನಕ್ಕ. ಅಪಘಾತವಾದ ಮೇಲೆ ಅವನು ನಕ್ಕದ್ದನ್ನು ನಾನು ನೋಡಿದ್ದು ಆವತ್ತೇ. ಸಣ್ಣ ಬೋಲ್ಟಿಗೆ ಗಿಡ್ಡ ಪಾನಾ, ದೊಡ್ಡದಕ್ಕೆ ಉದ್ದ. ಹಿಡಿಕೆಯ ಉದ್ದವೇ ಎಷ್ಟು ಬಿಗಿಯಬೇಕೆಂದು ಹೇಳುತ್ತದೆ ಎಂದು ವಿವರಿಸಿದ.

ಮಂಚದ ಪಾಠ ಮುಗಿದ ಮೇಲೆ ಸೈಕಲ್ಲು ಬಂತು. ಚಾಳಿನವರೊಬ್ಬರ ಹಳೆಯ ಸೈಕಲ್ಲನ್ನು ಸ್ವಚ್ಛ ಮಾಡಿಕೊಡುತ್ತೇನೆಂದು ಅಣ್ಣ ಒಳಗೆ ತಂದಿಟ್ಟ. ಬಲಗಡೆಯ ಪೆಡಲು ವೈನಿ ಸಲೀಸಾಗಿ ಬಿಚ್ಚಿದರು. ಎಡಗಡೆಯದು ಬರಲಿಲ್ಲ. ಜಗ್ಗು ಎಂದ ಅಣ್ಣ. ಜಗ್ಗಿದರು. ಇನ್ನೂ ಜಗ್ಗು ಎಂದ. ವೈನಿಯ ಮುಖ ಕೆಂಪಾಯಿತು, ಅಂಗೈಯಲ್ಲಿ ಗೆರೆ ಮೂಡಿತು. ಆಗ ಅಣ್ಣ ಕಣ್ಣು ಹಾಯಿಸಿ, ಅಯ್ಯ ಆ ಕಡೆ ಅಲ್ಲ, ಎಡಗಡೆ ಪೆಡಲು ಉಲ್ಟಾ ಇರತೈತಿ, ಇಷ್ಟೂ ಗೊತ್ತಾಗೂದಿಲ್ಲೇನು ಅಂದ.

ವೈನಿ ಪಾನಾವನ್ನು ಮೆಲ್ಲಗೆ ನೆಲದ ಮೇಲಿಟ್ಟರು. ಅವರು ಗಂಡನಿಗೆ ಎದುರಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ನಿಮಗ ಗೊತ್ತಿದ್ದದ್ದೆಲ್ಲಾ ನೀವು ಹೇಳದನ ನನಗ ಗೊತ್ತಾಗಬೇಕು ಅಂದ್ರ ಹೆಂಗ್ರಿ?" ಅಂದರು. "ಕೈ ನಾ ಕೊಡತೀನಿ. ಬಾಯಿ ನೀವು ಕೊಡ್ರಿ."

ನಾನು ಕಾಪಿಯ ಮೇಲೆ ತಲೆ ಬಗ್ಗಿಸಿ, ಸರಿಯಿದ್ದ ಒಂದು ವಾಕ್ಯವನ್ನು ತಪ್ಪೆಂದು ಗೀಚಿದೆ. ಹೊರಗೆ ಯಾರದೋ ರೇಡಿಯೋ ಮರಾಠಿಯಲ್ಲಿ ವಾರ್ತೆ ಓದುತ್ತಿತ್ತು. ಅಣ್ಣ ಅವರ ಪಕ್ಕ ಬಂದು ನೆಲದ ಮೇಲೆ ಕೂತ. ಎಡಗಡೆಯ ಪೆಡಲಿಗೂ ಬಲಗಡೆಯ ಹಾಗೆಯೇ ಎಳೆ ಹಾಕಿದ್ದರೆ, ತುಳಿಯುತ್ತ ತುಳಿಯುತ್ತ ಅದು ತಾನಾಗಿ ಬಿಚ್ಚಿಕೊಂಡು ಸವಾರ ಬೀಳುತ್ತಾನೆ, ಅದಕ್ಕಾಗಿ ಅದನ್ನು ಉಲ್ಟಾ ಮಾಡಿರುತ್ತಾರೆ ಎಂದು ಶುರು ಮಾಡಿದ. ಅಲ್ಲಿಂದ ಸರಪಳಿಗೆ ಹೋದ, ಬ್ರೇಕಿಗೆ ಹೋದ, ಇಕ್ಕಟ್ಟಾದ ಜಾಗದಲ್ಲಿ ಪಾನಾವನ್ನು ಮಗ್ಗುಲು ಬದಲಿಸಿ ಬದಲಿಸಿ ಹಾಕುತ್ತ ಸ್ವಲ್ಪಸ್ವಲ್ಪವೇ ತಿರುಗಿಸುವ ಉಪಾಯಕ್ಕೆ ಹೋದ. ರೊಟ್ಟಿ ಆರಿ ತಣ್ಣಗಾದವು. ನನಗೆ ಅವರನ್ನು ಎಬ್ಬಿಸುವ ಮನಸ್ಸಾಗಲಿಲ್ಲ. ಆವತ್ತಿನಿಂದ ಅವನು ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳತೊಡಗಿದ. ಹೇಳುತ್ತ ಹೇಳುತ್ತ ಮನೆಯಲ್ಲಿ ಉಳಿದ ಮಾತುಗಳೂ ಹಿಂತಿರುಗಿ ಬಂದವು.

ಒಂದು ವರ್ಷ ಕಳೆಯಿತೇನೋ. ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ ಮುದುಕನೊಬ್ಬ ಊರಿಗೆ ಹೊರಟಿದ್ದ. ಗೋಡೆಗೆ ಒರಗಿಸಿದ ತಗಡಿನ ಗೂಡು, ಅದರ ಮುಂದೆ ಒಂದು ಬಾದಾಮಿ ಮರದ ನೆರಳು. ಅಣ್ಣ ಆ ಅಂಗಡಿ ಹಿಡಿದ. ಶುರುವಿನಲ್ಲಿ ಒಂದು ನಾಟಕ ನಡೆಯುತ್ತಿತ್ತು. ಗಿರಾಕಿ ಬಂದರೆ ಅಣ್ಣ ಮುಂದೆ ನಿಂತು ಸೈಕಲ್ಲು ತೆಗೆದುಕೊಳ್ಳುತ್ತಿದ್ದ, ಬಲಗೈ ಜೇಬಿನಲ್ಲಿ. ಅರ್ಧ ಗಂಟೆ ಬಿಟ್ಟು ಬನ್ನಿ ಅನ್ನುತ್ತಿದ್ದ. ಗಿರಾಕಿ ಆಚೆ ಹೋದ ಮೇಲೆ ವೈನಿ ಗೂಡಿನೊಳಗಿಂದ ಬಂದು ಕೆಲಸ ಮಾಡುತ್ತಿದ್ದರು. ಅವನು ಬರುವಷ್ಟರಲ್ಲಿ ಮತ್ತೆ ಒಳಗೆ ಹೋಗಿ, ಗಂಡನಿಗೆ ಬುತ್ತಿ ತಂದವರ ಹಾಗೆ ಕೂತಿರುತ್ತಿದ್ದರು.

ಈ ಸುದ್ದಿ ಹೇಗೋ ಬಾಗಲಕೋಟೆಗೆ ಮುಟ್ಟಿತು. ವೈನಿಯ ಅಣ್ಣ ಬಸಣ್ಣ ಅಲ್ಲಿ ಕಾಳುಕಡಿ ವ್ಯಾಪಾರಿ, ನಾಲ್ಕು ಮಂದಿಯಲ್ಲಿ ಮರ್ಯಾದೆಯಿದ್ದ ಮನುಷ್ಯ. ಒಂದು ಶನಿವಾರ ಸಂಜೆ ಹೇಳದೆ ಕೇಳದೆ ಬಂದಿಳಿದರು. ನೀರು ಕೊಟ್ಟ ತಂಗಿಯ ಕೈ ನೋಡಿದರು. ಉಗುರಿನ ಸಂದಿಯಲ್ಲಿ ಕಪ್ಪು, ಬೆರಳ ಗೆಣ್ಣಿನ ಮೇಲೆ ಗಾಯದ ಹಕ್ಕಳೆ. ನೀರಿನ ತಂಬಿಗೆ ಹಾಗೇ ಕೆಳಗಿಟ್ಟರು. ಊಟ ಮುಗಿಯುವವರೆಗೆ ತಡೆದುಕೊಂಡು, ಆಮೇಲೆ ಅಣ್ಣನ ಕಡೆ ತಿರುಗಿ, ದನಿ ಏರಿಸದೆ ಕೇಳಿದರು:

"ನಮ್ಮ ಮನಿ ಮಗಳನ್ನ ರಸ್ತೆದಾಗ ಕುಂಡ್ರಿಸಿ, ನೀವು ಬಾಜೂಕ ಕುಂತೀರೇನ್ರಿ ಶಂಕರಪ್ಪನವರ?"

ಬಸಣ್ಣನವರು ಕೆಟ್ಟವರಲ್ಲ. ತಂಗಿಯನ್ನು ಎತ್ತಿ ಆಡಿಸಿದವರು. ಸೋಮವಾರದ ಗಾಡಿಗೆ ಗೌರಾಳನ್ನು ಊರಿಗೆ ಕರೆದುಕೊಂಡು ಹೋಗುತ್ತೇನೆ, ನಾಲ್ಕು ದಿನ ಇದ್ದು ಬರಲಿ, ಅಷ್ಟರಲ್ಲಿ ನಿಮಗೂ ಒಂದು ಮರ್ಯಾದೆಯ ಕೆಲಸ ನೋಡೋಣ ಅಂದರು. ನಾಲ್ಕು ದಿನ ಅಂದರೆ ನಾಲ್ಕು ದಿನವಲ್ಲ ಎಂದು ಖೋಲಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ವೈನಿ ತಾಟುಗಳನ್ನು ಎತ್ತಿಕೊಂಡು ಹೊರಗೆ ಹೋದರು.

ಮರುದಿನ ಭಾನುವಾರ. ಭಾನುವಾರವೇ ಅಂಗಡಿಗೆ ಹೆಚ್ಚು ಗಿರಾಕಿ. ಅಣ್ಣ ಎಂದಿನಂತೆ ಎದ್ದು ಸ್ನಾನ ಮಾಡಿ, ಚೀಲ ಬಗಲಲ್ಲಿಟ್ಟುಕೊಂಡು, ವೈನಿಯನ್ನು ನಡಿ ಅಂದ. ಬಸಣ್ಣನವರಿಗೂ, ನೀವೂ ಬರ್ರಿ, ಒಂದು ಸಲ ನೋಡ್ರಿ ಅಂದ. ಅವರಿಬ್ಬರೂ ಮುಂದೆ ಹೊರಟರು, ಬಸಣ್ಣನವರೂ ನಾನೂ ಸ್ವಲ್ಪ ಹಿಂದೆ. ಮುಂದಿನವರು ಏನೋ ಮಾತಾಡುತ್ತ ಹೋಗುತ್ತಿದ್ದದ್ದು ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ.

ಬಸಣ್ಣನವರಿಗೆ ಬಾದಾಮಿ ಮರದ ಕೆಳಗೆ ಸ್ಟೂಲು ಹಾಕಿಕೊಟ್ಟರು. ಅವರು ಬಿಳಿ ಟೊಪ್ಪಿಗೆ, ಇಸ್ತ್ರಿಯ ಧೋತರದಲ್ಲಿ, ಯಾರಾದರೂ ಊರವರು ನೋಡಿಯಾರು ಎಂಬಂತೆ ರಸ್ತೆಗೆ ಅರ್ಧ ಬೆನ್ನು ಮಾಡಿ ಕೂತರು. ಮೊದಲ ಗಿರಾಕಿ ಮೀಸೆಯ ದಪ್ಪ ಮನುಷ್ಯ. ಬಂದವನೇ ಸೈಕಲ್ಲನ್ನು ಅಣ್ಣನ ಕಡೆ ದೂಡಿ, ಮುಂದಿನ ಗಾಲಿ ನಡುಗುತ್ತದೆ, ಬೇಗ ನೋಡು ಮಿಸ್ತ್ರಿ ಎಂದ. ಅಣ್ಣ ಸೈಕಲ್ಲು ಮುಟ್ಟಲಿಲ್ಲ. ಜೇಬಿನಿಂದ ಬಲಗೈ ತೆಗೆದ. ಮಡಚಲು ಬಾರದ ಆ ಬೆರಳುಗಳನ್ನೇ ಚಾಚಿ ವೈನಿಯನ್ನು ತೋರಿಸಿದ.

"ಮಿಸ್ತ್ರಿ ವೋ ಹೈ" ಅಂದ. "ಮೈ ಉನ್‌ಕಾ ಹೆಲ್ಪರ್."

ಮೀಸೆಯವನು ಒಮ್ಮೆ ವೈನಿಯನ್ನು, ಒಮ್ಮೆ ಆ ಕೈಯನ್ನು ನೋಡಿದ. ಬೇರೆ ಅಂಗಡಿಗೆ ಹೋಗುತ್ತಾನೋ ಏನೋ ಎಂದು ನಾನು ಉಸಿರು ಹಿಡಿದುಕೊಂಡೆ. ಅವನು ಸೈಕಲ್ಲನ್ನು ವೈನಿಯ ಕಡೆ ತಿರುಗಿಸಿ ನಿಲ್ಲಿಸಿದ. ವೈನಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತರು. ಅಣ್ಣ ಪಾನಾಗಳನ್ನು ಒಂದೊಂದಾಗಿ ಅವರ ಕೈಗೆ ಕೊಡುತ್ತ ಹೋದ. ಅವನು ಬಾಯಿಬಿಟ್ಟು ಹೇಳುವ ಅಗತ್ಯ ಆ ಹೊತ್ತಿಗೆ ಉಳಿದಿರಲಿಲ್ಲ. ಯಾವುದಕ್ಕೆ ವೈನಿ ಕೈ ಚಾಚುತ್ತಿದ್ದರೋ ಅದು ಅವನ ಎಡಗೈಯಲ್ಲಿ ಇರುತ್ತಿತ್ತು. ಗಾಲಿ ನೆಟ್ಟಗಾಯಿತು. ಮೀಸೆಯವನು ಬೆರಳು ತಾಕಿಸಿ ತಿರುಗಿಸಿ ನೋಡಿ, ಥ್ಯಾಂಕ್ಯೂ ಬಹನ್‌ಜಿ ಎಂದು ಹೇಳಿ ಹತ್ತಿಕೊಂಡು ಹೋದ.

ಬಸಣ್ಣನವರು ಆ ದಿನವಿಡೀ ಅಲ್ಲೇ ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ಸ್ಟೂಲನ್ನು ರಸ್ತೆಯ ಕಡೆ ತಿರುಗಿಸಿಕೊಂಡಿದ್ದನ್ನು ನಾನು ನೋಡಿದೆ. ಸಂಜೆ ಎಲ್ಲಿಗೋ ಎದ್ದು ಹೋಗಿ, ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದು ಬಂದು ತಂಗಿಯ ಮುಂದಿಟ್ಟರು. ಮಲಗುವ ಮುಂದ ಕೈಗೆ ಹಚ್ಚಿಕೊ, ಸೀಳತಾವ ಅಂದರು. ಸೋಮವಾರದ ಗಾಡಿಗೆ ಒಬ್ಬರೇ ಹೋದರು.

ಆಮೇಲೆ ಅಂಗಡಿ ಬೆಳೆಯಿತು ಅಂದರೆ ದೊಡ್ಡದಾಯಿತು ಅಂತಲ್ಲ. ತಗಡಿನ ಗೂಡಿಗೆ ಒಂದು ಬಾಗಿಲು ಬಂತು, ಬಾಡಿಗೆಗೆ ಕೊಡುವ ಕೆಲವು ಸೈಕಲ್ಲು ಬಂದವು. ಆ ಕಡೆಯ ಹೆಣ್ಣುಮಕ್ಕಳು ಸೈಕಲ್ಲು ಕಲಿಯಲು ಧೈರ್ಯವಾಗಿ ಬರುತ್ತಿದ್ದ ಅಂಗಡಿ ಅದೊಂದೇ. ಅಣ್ಣನಿಗೆ ಮಗಳು ಹುಟ್ಟಿದಳು. ನಾನು ಭಾಂಡುಪ್‌ನಲ್ಲಿ ಬೇರೆ ಮನೆ ಮಾಡಿದೆ. ಗಟ್ಟಿಯಾಗಿ ನಿಲ್ಲುವ ಹೊಸ ಮಂಚ ಕೊಂಡೆ. ಅಣ್ಣ ಹೋಗಿ ಈಗ ಬಹಳ ವರ್ಷವಾಯಿತು. ಅವನು ಹೋದ ಮೇಲೂ ವೈನಿ ಮೊಣಕಾಲು ನಡೆಸುವವರೆಗೆ ಅಂಗಡಿ ನಡೆಸಿದರು.

ಈ ಕಥೆಯನ್ನು ನಾನು ಶಾಲೆಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಹೆಣ್ಣುಮಕ್ಕಳ ತರಗತಿಗೆ ಹೇಳುವಾಗ ಗಂಡನಿಗಾಗಿ ಒಬ್ಬ ಹೆಂಗಸು ಮಾಡಿದ ತ್ಯಾಗ ಎಂದು ದನಿ ತಗ್ಗಿಸಿ ಹೇಳುತ್ತಿದ್ದೆ. ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು. ಈಗ ಆ ಹಳೆಯ ವಿದ್ಯಾರ್ಥಿಗಳೇ ಸೇರಿ ಒಂದು ನೆನಪಿನ ಪುಸ್ತಕ ತರುತ್ತಾರಂತೆ. ಮರೆಯಲಾಗದ ಒಬ್ಬರ ಬಗ್ಗೆ ಬರೆಯಿರಿ ಟೀಚರ್ ಎಂದು ಫೋನು ಮಾಡಿದ್ದರು. ಅದಕ್ಕೆ ಮೊನ್ನೆ ಭಾನುವಾರ ಕುರ್ಲಾದಲ್ಲಿ ಗಾಡಿ ಬದಲಿಸಿ ಚೆಂಬೂರಿಗೆ ಹೋದೆ. ವೈನಿ ಮಗಳ ಮನೆಯ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಳಗೆ ಮೊಮ್ಮಗಳು ಯಾರ ಜೊತೆಗೋ ಫೋನಿನಲ್ಲಿ ಹಿಂದಿಯಲ್ಲಿ ಜಗಳವಾಡುತ್ತಿದ್ದಳು. ನಾನು ವಿಷಯ ಹೇಳಿದೆ. ನಿಮ್ಮ ತ್ಯಾಗದ ಬಗ್ಗೆ ಬರೆಯುತ್ತೇನೆ, ಒಪ್ಪಿಗೆ ಕೊಡಿ ಅಂದೆ.

ವೈನಿ ಕುರ್ಚಿಯಲ್ಲೇ ನನ್ನ ಕಡೆ ತಿರುಗಿದರು.

"ಎಂಥಾ ತ್ಯಾಗ?" ಅಂದರು. "ಮೊದಲ ಅವರ ಸಲುವಾಗಿ ಹಿಡದೆ, ಅದು ಖರೆ. ಆಮ್ಯಾಲೆ ನನ್ನ ಸಲುವಾಗಿ ಹಿಡದೆ. ನನಗ ಆ ಕೆಲಸ ಭಾಳ ಸೇರತಿತ್ತು."

ಬಸಣ್ಣನವರು ಬಂದಿದ್ದ ಆ ಭಾನುವಾರ ಅಂಗಡಿಗೆ ಹೋಗುವಾಗ ಅಣ್ಣ ಏನು ಮಾತಾಡಿದ್ದ ಎಂಬುದನ್ನು ಆಗ ಹೇಳಿದರು. ನಿನಗೆ ಇದು ಬೇಡವಾಗಿದ್ದರೆ ಈಗಲೇ ಹೇಳಿಬಿಡು, ನಾಳೆಯೇ ಹೋಗಿ ಗೇಟಿನ ಕೆಲಸ ಕೇಳುತ್ತೇನೆ, ನನ್ನ ಮುಖ ನೋಡಿ ಮಾಡಬ್ಯಾಡ ಅಂದಿದ್ದನಂತೆ. ವೈನಿ, ನೀವು ಗೇಟಿಗೆ ಹೋದರೂ ನಾನು ಅಂಗಡಿಗೆ ಬರುತ್ತೇನೆ ಎಂದಿದ್ದರಂತೆ. ಅಣ್ಣ ರಸ್ತೆಯ ನಡುವೆ ನಿಂತುಬಿಟ್ಟನಂತೆ. ಆಮೇಲೆ ಅಂಗಡಿಯ ಕಡೆಗೆ ನಡೆದನಂತೆ.

ಅದರಲ್ಲಿ ಅಷ್ಟು ಸೇರುವಂಥದ್ದು ಏನಿತ್ತು ಎಂದು ಕೇಳಿದೆ. ವೈನಿ ಯೋಚನೆ ಮಾಡಿ ಉತ್ತರ ಕೊಟ್ಟರು. ರೊಟ್ಟಿ ಬಡಿದರೆ ತಿಂದು ಮುಗಿಯುತ್ತದೆ, ನಾಳೆ ಮತ್ತೆ ಬಡಿಯಬೇಕು. ಪಾತ್ರೆ ತಿಕ್ಕಿದರೆ ಮತ್ತೆ ಮುಸುರೆಯಾಗುತ್ತದೆ. ನಡುಗುತ್ತ ಬಂದ ಸೈಕಲ್ಲು ಮಾತ್ರ ತಮ್ಮ ಕೈಯಿಂದ ನೆಟ್ಟಗಾಗಿ ಹೋಗುತ್ತಿತ್ತು. ಹತ್ತಿದವನು ತಿರುಗಿ ನೋಡದೆ ರಸ್ತೆಯ ಕೊನೆಯವರೆಗೆ ಹೋಗುವುದನ್ನು ನೋಡಲು ತಮಗೆ ಎಂದೂ ಬೇಸರ ಬರಲಿಲ್ಲವಂತೆ.

"ಬರೀ, ಬ್ಯಾಡ ಅನ್ನೂದಿಲ್ಲ" ಅಂದರು. "ಆದರ ತ್ಯಾಗ ಅಂತ ಬರೀಬ್ಯಾಡ. ಅಕಿಗೆ ಸೇರತಿತ್ತು, ಅದಕ್ಕ ಮಾಡಿದ್ಲು ಅಂತ ಬರೀ."

ಹಾಗೆಯೇ ಬರೆದಿದ್ದೇನೆ. ವೈನಿಯ ಕಣ್ಣು ಈಗ ಅಷ್ಟು ಚುರುಕಿಲ್ಲ, ನಾನೇ ಓದಿ ಹೇಳಬೇಕು. ಭಾನುವಾರ ಬೆಳಗಿನ ಗಾಡಿಗೆ ಹೋಗುತ್ತೇನೆ.